ನೋವಿಲ್ಲದ ಗಾಯಕ್ಕೇ ಜಾಸ್ತಿ ಹೆದರಬೇಕು: ಮಲೆನಾಡಿನಲ್ಲಿ ಶುಗರ್ ಇದ್ದವರು ಕಾಲು ಕಾಪಾಡಿಕೊಳ್ಳುವುದು ಹೇಗೆ

ಮಳೆ ಹಿಡಿದು ವಾರ ಕಳೆಯುವುದರೊಳಗೆ ಈ ಪ್ರಶ್ನೆ ಶುರುವಾಗುತ್ತದೆ. "ಅಪ್ಪಯ್ಯನ ಕಾಲಲ್ಲಿ ಸಣ್ಣದೊಂದು ಗಾಯ ಆಗಿದೆ. ಶುಗರ್ ಇದೆ. ನೋವೇನೂ ಇಲ್ಲವಂತೆ. ಏನು ಹಚ್ಚಬಹುದು?" ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಎಲ್ಲ ಕಡೆಯಿಂದಲೂ ಇದೇ ಮಾತು.

ನಾನು ಹಲವು ವರ್ಷ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಕೆಲಸ ಮಾಡಿದವಳು. "ನೋವೇನೂ ಇಲ್ಲ" ಎಂದು ಮನೆಯವರು ಸಮಾಧಾನಕ್ಕೆ ಹೇಳುತ್ತಾರೆ. ನನಗೆ ಹೆದರಿಕೆ ಆಗುವುದೇ ಆ ಮಾತಿನಿಂದ. ಒಬ್ಬೊಬ್ಬರಿಗೆ ಅಷ್ಟಿಷ್ಟು ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ ಓದಿ ಹೇಳಿ.

ಕಾಲಿಗೆ ಏನಾಗುತ್ತದೆ

ಸಕ್ಕರೆ ವರ್ಷಗಟ್ಟಲೆ ಹತೋಟಿ ತಪ್ಪಿದ್ದರೆ ಪಾದದ ನರಗಳು ಸೊರಗುತ್ತವೆ. ಮೊದಮೊದಲು ಜೋಮು, ಉರಿ, ಇರುವೆ ಹರಿದ ಹಾಗೆ ಅನ್ನಿಸುವುದು. ಆಮೇಲೆ ಮುಟ್ಟಿದರೂ ಗೊತ್ತಾಗುವುದಿಲ್ಲ. ವೈದ್ಯರು ನ್ಯೂರೋಪತಿ ಅನ್ನುವುದು ಇದಕ್ಕೇ. ಬೆವರು ಬರಿಸುವ ನರಗಳೂ ಕೆಡುವುದರಿಂದ ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ. ಪಾದದ ಸಣ್ಣ ಸ್ನಾಯುಗಳು ಸೋತು ಬೆರಳುಗಳು ಕೊಕ್ಕೆಯ ಹಾಗೆ ಬಾಗುತ್ತವೆ. ಆಗ ಮೈಭಾರವೆಲ್ಲ ಒಂದೆರಡು ಕಡೆ ಬೀಳುತ್ತದೆ. ಅಲ್ಲಿ ಚರ್ಮ ದಪ್ಪಗಟ್ಟುತ್ತದೆ, ಆ ದಪ್ಪ ಚರ್ಮದ ಅಡಿಯಲ್ಲಿ ಯಾರಿಗೂ ಕಾಣದ ಹಾಗೆ ಹುಣ್ಣು ಬೆಳೆಯುತ್ತದೆ.

ಇದರ ಜೊತೆಗೆ ಕಾಲಿನ ರಕ್ತನಾಳಗಳೂ ಕಿರಿದಾಗಬಹುದು. ರಕ್ತ ಸರಿಯಾಗಿ ಹೋಗದ ಕಡೆ ಗಾಯ ಮಾಯುವುದಿಲ್ಲ. ಸಕ್ಕರೆ ಜಾಸ್ತಿ ಇದ್ದಾಗ ರೋಗಾಣುಗಳ ಜೊತೆ ಹೋರಾಡುವ ಶಕ್ತಿಯೂ ಕುಗ್ಗುತ್ತದೆ.

ಒಬ್ಬರು ರೈತರು ಹವಾಯಿ ಚಪ್ಪಲಿ ಹಾಕಿಕೊಂಡೇ ಡ್ರೆಸ್ಸಿಂಗ್ ಕೋಣೆಗೆ ಬಂದಿದ್ದರು. ಬಂದಿದ್ದು ಎಡಗಾಲಿನ ಗಾಯಕ್ಕೆ. ಎರಡೂ ಚಪ್ಪಲಿ ಬಿಡಿ ಅಂದೆ. ಬಲಗಾಲಿನದು ಬರಲಿಲ್ಲ. ಅಡಿಯಿಂದ ಒಂದು ಮೊಳೆ ಚಪ್ಪಲಿಯನ್ನು ತೂರಿ ಹೆಬ್ಬೆರಳ ಬುಡಕ್ಕೆ ನೆಟ್ಟಿತ್ತು. "ಚಪ್ಪಲಿ ಯಾಕೋ ಬಿಗಿಯಾಗಿದೆ ಅಂದ್ಕೊಂಡಿದ್ದೆ ಸಿಸ್ಟರ್" ಅಂದರು. ಎಷ್ಟು ದಿನದಿಂದ ಹಾಗಿತ್ತೋ ಅವರಿಗೇ ಗೊತ್ತಿರಲಿಲ್ಲ.

ಸಕ್ಕರೆ ಕಾಯಿಲೆಯಿಂದ ಕಾಲು ಅಥವಾ ಬೆರಳು ಕಳೆದುಕೊಂಡವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಅದಕ್ಕೂ ಮೊದಲು ಕಾಲಲ್ಲಿ ಒಂದು ಹುಣ್ಣು ಇತ್ತು. ಆ ಹುಣ್ಣನ್ನು ತಡೆಯುವುದು, ಆಗಿಬಿಟ್ಟರೆ ಬೇಗ ಹಿಡಿಯುವುದು, ಈ ಲೇಖನ ಇರುವುದು ಇಷ್ಟಕ್ಕೇ.

ಮನೆಯಲ್ಲಿ ಇರಬೇಕಾದ ಸಾಮಾನು

ಅಂಗೈ ಅಗಲದ ಕನ್ನಡಿ, ಟಾರ್ಚ್, ಮೆತ್ತನೆಯ ಬಿಳಿ ಬಟ್ಟೆ, ಕೊಬ್ಬರಿ ಎಣ್ಣೆ, ನೈಲ್ ಕಟರ್ ಮತ್ತು ಉಗುರು ಉಜ್ಜುವ ಅರ. ಗಾಯ ಆದರೆ ಬೇಕಾಗುವುದಕ್ಕೆ ಒಂದು ಡಬ್ಬಿಯಲ್ಲಿ ಸ್ಟೆರೈಲ್ ಗಾಜ್ (ರೋಗಾಣು ಇಲ್ಲದ ಹಾಗೆ ಮಾಡಿ ಪ್ಯಾಕ್ ಮಾಡಿದ ಬಟ್ಟೆ), ರೋಲರ್ ಬ್ಯಾಂಡೇಜ್, ಪೇಪರ್ ಟೇಪ್, ಒಂದು ನಾರ್ಮಲ್ ಸಲೈನ್ (ಗಾಯ ತೊಳೆಯುವ ಶುದ್ಧ ಉಪ್ಪುನೀರು) ಬಾಟಲಿ. ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಬಟ್ಟೆ ಬಿಳಿಯದೇ ಇರಲಿ, ಅದರ ಕಾರಣ ಮುಂದೆ ಹೇಳುತ್ತೇನೆ.

ಹಂತ 1: ಸ್ಪರ್ಶ ಉಳಿದಿದೆಯಾ ನೋಡಿ

ಇದು ಎರಡು ನಿಮಿಷದ ಕೆಲಸ, ಮನೆಯಲ್ಲೇ ಆಗುತ್ತದೆ. ಶುಗರ್ ಇರುವವರು ಕಾಲು ಚಾಚಿ ಮಲಗಿ ಕಣ್ಣು ಮುಚ್ಚಿಕೊಳ್ಳಲಿ. ಇನ್ನೊಬ್ಬರು ತೋರುಬೆರಳ ತುದಿಯಿಂದ ಅವರ ಬೆರಳ ತುದಿಗಳನ್ನು ಹಗುರವಾಗಿ ಮುಟ್ಟಬೇಕು. ಒಂದೆರಡು ಸೆಕೆಂಡ್ ಸಾಕು. ಒತ್ತಬಾರದು, ಚುಚ್ಚಬಾರದು, ತಟ್ಟಬಾರದು. ಎರಡೂ ಕಾಲಿನ ಹೆಬ್ಬೆರಳು, ಕಿರುಬೆರಳು, ನಡುಬೆರಳು, ಒಟ್ಟು ಆರು ಕಡೆ ಮುಟ್ಟಿ. ಮುಟ್ಟಿದ್ದು ಗೊತ್ತಾದಾಗ ಅವರು "ಎಡ" ಅಥವಾ "ಬಲ" ಎನ್ನಲಿ. ಗೊತ್ತಾಗದ ಬೆರಳನ್ನು ಮತ್ತೆ ಮುಟ್ಟಿ ಪಾಸ್ ಮಾಡಿಸಬೇಡಿ. ಆರರಲ್ಲಿ ಎರಡು ಅಥವಾ ಅದಕ್ಕಿಂತ ಜಾಸ್ತಿ ತಪ್ಪಿದರೆ ಕಾಲಿನ ಸ್ಪರ್ಶ ಕಡಿಮೆಯಾಗಿದೆ ಎಂದು ತಿಳಿದು ವೈದ್ಯರಿಗೆ ತೋರಿಸಿ.

ಆಸ್ಪತ್ರೆಯಲ್ಲಿ ಇದನ್ನೇ ಮೋನೋಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ನೋಡುತ್ತಾರೆ. 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ಪಾದದ ನಾಡಿಯನ್ನೂ ಮುಟ್ಟಿ ನೋಡುತ್ತಾರೆ. ಯಾರೂ ನಿಮ್ಮ ಸಾಕ್ಸ್ ಬಿಚ್ಚಿಸದಿದ್ದರೆ ನೀವೇ ಬಿಚ್ಚಿ ಕೂತುಕೊಳ್ಳಿ. "ಡಾಕ್ಟ್ರೇ, ಕಾಲೊಮ್ಮೆ ನೋಡಿ" ಅನ್ನಲು ಸಂಕೋಚ ಬೇಡ. ಸ್ಪರ್ಶ, ನಾಡಿ ಎರಡೂ ಚೆನ್ನಾಗಿದ್ದರೆ ವರ್ಷಕ್ಕೊಮ್ಮೆ ತೋರಿಸಿದರೆ ಸಾಕು. ಇವೆರಡರಲ್ಲಿ ಒಂದು ಕೆಟ್ಟಿದ್ದರೆ ಆರು ತಿಂಗಳಿಂದ ವರ್ಷದೊಳಗೆ. ಎರಡೂ ಕೆಟ್ಟಿದ್ದರೆ, ಅಥವಾ ಒಂದು ಕೆಟ್ಟು ಪಾದದ ಆಕಾರವೂ ಬದಲಾಗಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ. ಅದರ ಮೇಲೆ ಹಿಂದೆ ಹುಣ್ಣಾಗಿದ್ದರೆ ಅಥವಾ ಬೆರಳು ತೆಗೆಸಿದ್ದರೆ ಒಂದರಿಂದ ಮೂರು ತಿಂಗಳಿಗೊಮ್ಮೆ.

ಇಲ್ಲೇ ಇನ್ನೊಂದು ಮಾತು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಹಲವು ವರ್ಷ ತೆಗೆದುಕೊಂಡರೆ ಬಿ12 ಜೀವಸತ್ವ ಕಡಿಮೆಯಾಗಬಹುದು. ಅದರಿಂದಲೂ ಕಾಲು ಜೋಮು ಹಿಡಿಯುತ್ತದೆ. ಸಸ್ಯಾಹಾರಿಗಳಿಗೆ ಇದರ ಸಾಧ್ಯತೆ ಜಾಸ್ತಿ. ಮಾತ್ರೆ ಬಿಡಬೇಡಿ, ಬಿ12 ಪರೀಕ್ಷೆ ಮಾಡಿಸಬೇಕಾ ಎಂದು ಕೇಳಿ.

ಹಂತ 2: ರಾತ್ರಿ ಮಲಗುವ ಮುಂಚೆ ಪಾದ ನೋಡುವುದು

ಇಡೀ ಲೇಖನದಲ್ಲಿ ಒಂದನ್ನೇ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ. ಸ್ಪರ್ಶ ಹೋದ ಕಾಲಿಗೆ ಕಣ್ಣೇ ನರ.

ಬೆಳಕಿರುವ ಕಡೆ ಕೂತುಕೊಳ್ಳಿ. ಕರೆಂಟ್ ಇಲ್ಲದ ದಿನ ಟಾರ್ಚ್ ಹಿಡಿಯಿರಿ, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತಲ್ವಾ. ಮೊದಲು ಪಾದದ ಮೇಲ್ಭಾಗ. ಆಮೇಲೆ ಒಂದೊಂದೇ ಬೆರಳು ಬಿಡಿಸಿ ಸಂದಿ ನೋಡಿ. ನಾಲ್ಕನೇ ಬೆರಳು ಮತ್ತು ಕಿರುಬೆರಳ ನಡುವೆ ಚೆನ್ನಾಗಿ ನೋಡಿ, ಒದ್ದೆ ಉಳಿಯುವುದು ಅಲ್ಲೇ ಜಾಸ್ತಿ. ನಂತರ ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲನ್ನು ಅದರ ಮೇಲೆ ಹಿಡಿಯಿರಿ. ಬೆರಳ ಬುಡದ ಉಬ್ಬು, ಹಿಮ್ಮಡಿ, ಹಿಮ್ಮಡಿಯ ಅಂಚು, ಎಲ್ಲ ಕಾಣುವ ಹಾಗೆ ತಿರುಗಿಸಿ. ಕಣ್ಣು ಮಂಜಾಗಿದ್ದರೆ, ಬಗ್ಗಲು ಆಗದಿದ್ದರೆ, ಮನೆಯವರು ನೋಡಲಿ. ಕಾಲು ಮುಟ್ಟಿಸಿಕೊಳ್ಳಲು ಹಿರಿಯರು ಒಪ್ಪುವುದಿಲ್ಲ ಎಂದು ಎಷ್ಟೋ ಸೊಸೆಯಂದಿರು ಹೇಳುತ್ತಾರೆ. "ಅತ್ತೆ, ಎಣ್ಣೆ ಹಚ್ಚಿಕೊಡ್ತೀನಿ" ಎಂದು ಶುರು ಮಾಡಿ. ಎಣ್ಣೆಗೆ ಯಾರೂ ಬೇಡ ಅನ್ನುವುದಿಲ್ಲ.

ಕೆಂಪು, ಗುಳ್ಳೆ, ಬಿರುಕು, ದಪ್ಪಗಟ್ಟಿದ ಚರ್ಮ, ಅದರೊಳಗೆ ಕಪ್ಪು ಅಥವಾ ಕಂದು ಕಲೆ, ಉಗುರಿನ ಅಂಚು ಮಾಂಸಕ್ಕೆ ಇಳಿದಿರುವುದು, ಮುಳ್ಳು, ಇವನ್ನು ಹುಡುಕಿ. ಕೊನೆಗೆ ಬಿಳಿ ಬಟ್ಟೆಯಿಂದ ಅಂಗಾಲು ಮತ್ತು ಸಂದಿ ಒತ್ತಿ ತೆಗೆಯಿರಿ. ಕಣ್ಣಿಗೆ ಕಾಣದ ಹುಣ್ಣಿನ ರಸವೋ ರಕ್ತವೋ ಇದ್ದರೆ ಬಿಳಿ ಬಟ್ಟೆ ತೋರಿಸಿಕೊಡುತ್ತದೆ. ಬಣ್ಣದ ಟವೆಲಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಸಾಕ್ಸ್ ಕೂಡ ಬಿಳಿಯದು ಒಳ್ಳೆಯದು ಎನ್ನುವುದು ಇದಕ್ಕೇ.

ಎರಡೂ ಪಾದಗಳನ್ನು ಕೈ ಹಿಂಬದಿಯಿಂದ ಮುಟ್ಟಿ ಹೋಲಿಸಿ. ಒಂದು ಕಾಲಿನ ಒಂದೇ ಜಾಗ ಮತ್ತೊಂದಕ್ಕಿಂತ ಬಿಸಿಯಾಗಿದ್ದರೆ ಒಳಗೆ ಏನೋ ನಡೆಯುತ್ತಿದೆ ಎಂದರ್ಥ. ಥರ್ಮಾಮೀಟರ್ ಇಟ್ಟು ನೋಡುವವರು ಎರಡು ಕಾಲಿನ ನಡುವೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ವ್ಯತ್ಯಾಸ ಸತತ ಎರಡು ದಿನ ಕಂಡರೆ ಅಪಾಯ ಎನ್ನುತ್ತಾರೆ. ಇಡೀ ಪಾದ ಊದಿ, ಕೆಂಪಾಗಿ, ಬಿಸಿಯಾಗಿ, ಗಾಯ ಮಾತ್ರ ಎಲ್ಲೂ ಇಲ್ಲದಿದ್ದರೆ ಅದು ಶಾರ್ಕೋ ಪಾದ ಇರಬಹುದು. ಒಳಗಿನ ಮೂಳೆ, ಕೀಲು ಸದ್ದಿಲ್ಲದೆ ಮುರಿಯುವ ಸ್ಥಿತಿ ಅದು. ಉಳುಕು ಎಂದು ತಿಕ್ಕಿಸಬೇಡಿ. ಆ ಕಾಲಿನ ಮೇಲೆ ಭಾರ ಹಾಕದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 3: ತೊಳೆಯುವುದು, ಒರೆಸುವುದು, ಉಗುರು

ಕಾಲನ್ನು ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ನೆನೆಹಾಕಬೇಡಿ. ಉಪ್ಪುನೀರಿನಲ್ಲಿ ಅರ್ಧ ಗಂಟೆ ಕಾಲಿಟ್ಟು ಕೂರುವ ಅಭ್ಯಾಸ ತುಂಬಾ ಜನರಿಗಿದೆ. ಚರ್ಮ ಮೆತ್ತಗಾಗಿ ಒಡೆಯುತ್ತದೆ. ಹಂಡೆ ನೀರನ್ನು ಮೊದಲು ಮೊಣಕೈಯಿಂದ ಮುಟ್ಟಿ ನೋಡಿ, ಕಾಲಿನಿಂದ ಬೇಡ. ಮೈ ಬಿಸಿಗಿಂತ ಬಿಸಿ ಇರಬಾರದು.

ಬೆರಳ ಸಂದಿ ಒರೆಸುವುದೇ ನಮ್ಮ ಕಡೆ ದೊಡ್ಡ ಕೆಲಸ. ನಾಟಿ ಸಮಯದಲ್ಲಿ ಬರುವ ಕೆಸರುಹುಣ್ಣು ಸಂದಿಯ ಒದ್ದೆಯಿಂದ, ಅಲ್ಲಿ ಬೆಳೆಯುವ ಶಿಲೀಂಧ್ರದಿಂದ ಶುರುವಾಗುತ್ತದೆ. ಬೆಳ್ಳಗೆ ನೆನೆದ ಚರ್ಮ, ತುರಿಕೆ, ಬಿರುಕು. ಉಳಿದವರಿಗೆ ಅದು ಬರೀ ತುರಿಕೆ. ಶುಗರ್ ಇದ್ದವರಿಗೆ ಆ ಬಿರುಕು ರೋಗಾಣುಗಳಿಗೆ ಬಾಗಿಲು. ಶಿಲೀಂಧ್ರದ ಮುಲಾಮನ್ನು ವೈದ್ಯರಿಂದ ಬರೆಸಿಕೊಂಡು ಅವರು ಹೇಳಿದಷ್ಟು ದಿನ ಪೂರ್ತಿ ಹಚ್ಚಿ. ಅಂಗಡಿಯವರು ಕೊಡುವ ಸ್ಟಿರಾಯ್ಡ್ ಬೆರೆಸಿದ ಮುಲಾಮು ಬೇಡ. ತುರಿಕೆ ಎರಡೇ ದಿನಕ್ಕೆ ನಿಲ್ಲುತ್ತದೆ, ಶಿಲೀಂಧ್ರ ಒಳಗೇ ಹರಡುತ್ತದೆ.

ಒರೆಸಿದ ಮೇಲೆ ಪಾದಕ್ಕೆ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ. ಸಂದಿಗೆ ಮಾತ್ರ ಎಣ್ಣೆ ಬೇಡ.

ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಬಳಸಿ ಒಳಗೆ ಹೋಗಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಆಣಿ ಪಟ್ಟಿ ಅಂಟಿಸುವುದು, ಎರಡೂ ಅಪಾಯ. ಆ ಪಟ್ಟಿಯಲ್ಲಿರುವ ಆಸಿಡ್ ಆಣಿಯ ಜೊತೆ ಪಕ್ಕದ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಆಣಿಯನ್ನು ಆಸ್ಪತ್ರೆಯಲ್ಲೇ ತೆಗೆಸಿ.

ಹಂತ 4: ಕಾಲಿಗೆ ಏನು ಹಾಕಿಕೊಳ್ಳಬೇಕು

ಬರಿಗಾಲು ಬೇಡ. ಮನೆಯ ಒಳಗೂ ಬೇಡ. ಇದನ್ನು ಹೇಳಿದರೆ ಮನೆಯಲ್ಲಿ ಗಲಾಟೆ ಆಗುತ್ತದೆ, ನನಗೆ ಗೊತ್ತು. ಒಳಗೆ ಹಾಕಲೆಂದೇ ಒಂದು ಜೊತೆ ಬೇರೆ ಇಡಿ. ಅದು ಜಗುಲಿ ದಾಟದಿರಲಿ. ಅಡುಗೆ ಮನೆಗೂ ಅದೇ. ದೇವರ ಮನೆಗೆ ಮಾತ್ರ ದಪ್ಪ ಹತ್ತಿಯ ಸಾಕ್ಸ್ ಇಟ್ಟುಕೊಳ್ಳಿ.

ಹವಾಯಿ ಚಪ್ಪಲಿ ತೋಟಕ್ಕೂ ಗದ್ದೆಗೂ ಆಗುವುದಿಲ್ಲ. ಅಟ್ಟೆ ತೆಳು, ಮುಳ್ಳು ತೂರುತ್ತದೆ. ಬೆರಳ ನಡುವಿನ ಪಟ್ಟಿ ಉಜ್ಜಿ ಗಾಯ ಮಾಡುತ್ತದೆ. ಹಿಂದೆ ಪಟ್ಟಿ ಇರುವ, ಒಳಗೆ ಮೆತ್ತನೆಯ, ಅಡಿ ಗಟ್ಟಿಯ ಚಪ್ಪಲಿ ಬೇಕು. ಎಂಸಿಆರ್ ಚಪ್ಪಲಿ ಎಂದು ಕೇಳಿರಬಹುದು. ಎಂಸಿಆರ್ ಅಂದರೆ ಸಣ್ಣ ಸಣ್ಣ ಗಾಳಿಗೂಡುಗಳಿರುವ ಮೆತ್ತನೆಯ ರಬ್ಬರ್. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳನ್ನು ಉಳಿಸಲು ನಮ್ಮ ದೇಶದಲ್ಲಿ ಮೊದಲಿಂದ ಬಳಸಿದ್ದು ಇದನ್ನೇ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಕುಷ್ಠರೋಗಿಗಳಿಗಾಗಿ ದುಡಿದ ಡಾ. ಪಾಲ್ ಬ್ರಾಂಡ್ ಜೀವನವಿಡೀ ಹೇಳಿದ್ದು ಒಂದೇ: ಈ ಹುಣ್ಣುಗಳಿಗೆ ಕಾರಣ ಶಾಪವಲ್ಲ, ಮಾಂಸ ಕೊಳೆಯುವುದೂ ಅಲ್ಲ, ನೋವು ಗೊತ್ತಾಗದೆ ಗಾಯದ ಮೇಲೆ ನಡೆಯುವುದು. ಶುಗರ್ ಕಾಲಿಗೂ ಅದೇ ಮಾತು ಸಲ್ಲುತ್ತದೆ.

ಚಪ್ಪಲಿ, ಶೂ ಕೊಳ್ಳಲು ಸಂಜೆ ಹೋಗಿ. ದಿನವಿಡೀ ಓಡಾಡಿದ ಕಾಲು ಆಗ ಸ್ವಲ್ಪ ಊದಿರುತ್ತದೆ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಬೇಕು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಎಂದು ಅಂಗಡಿಯವರು ಹೇಳಿದರೆ ತೆಗೆದುಕೊಳ್ಳಬೇಡಿ. ಅದು ಸಡಿಲ ಆಗುವ ಹೊತ್ತಿಗೆ ನಿಮ್ಮ ಚರ್ಮ ಹೋಗಿರುತ್ತದೆ. ಹೊಸದನ್ನು ಮೊದಲ ವಾರ ದಿನಕ್ಕೆ ಒಂದು ಗಂಟೆ ಹಾಕಿ, ಬಿಚ್ಚಿ ಕಾಲು ನೋಡಿ.

ಗಂಬೂಟು ನಮ್ಮ ತೋಟಕ್ಕೆ ಬೇಕೇ ಬೇಕು. ಆದರೆ ಒಳಗೆ ಬೆವರು, ಮೇಲಿಂದ ನುಗ್ಗಿದ ನೀರು. ಬರಿಗಾಲಿಗೆ ಹಾಕಬೇಡಿ. ಹತ್ತಿಯ ಸಾಕ್ಸ್ ಹಾಕಿ, ಇನ್ನೆರಡು ಜೊತೆ ಜೇಬಿನಲ್ಲಿಟ್ಟುಕೊಂಡು ಒದ್ದೆಯಾದಂತೆ ಬದಲಿಸಿ. ಪ್ರತಿ ಸಲ ಹಾಕುವ ಮುಂಚೆ ಬೂಟನ್ನು ಬೋರಲು ಹಾಕಿ ಬಡಿಯಿರಿ, ಆಮೇಲೆ ಒಳಗೆ ಕೈ ಹಾಕಿ ನೋಡಿ. ಅಡಿಕೆ ಸಿಪ್ಪೆಯ ಚೂರು, ಜಲ್ಲಿ, ಕೆಲವೊಮ್ಮೆ ಚೇಳು, ಎಲ್ಲ ಸಿಗುತ್ತದೆ.

ಹಂತ 5: ನಮ್ಮ ಊರಿನ ಅಪಾಯಗಳು

ಬಚ್ಚಲ ಒಲೆ ಮುಂದೆ ಕಾಲು ಕಾಯಿಸುವುದು ಆಷಾಢದ ಸುಖ, ಒಪ್ಪುತ್ತೇನೆ. ಆದರೆ ಸ್ಪರ್ಶ ಹೋದ ಕಾಲು ಬೇಯುತ್ತಿದ್ದರೂ ಹೇಳುವುದಿಲ್ಲ. ಗುಳ್ಳೆ ಎದ್ದಿದ್ದು ಬೆಳಗ್ಗೆ ಗೊತ್ತಾಗುತ್ತದೆ. ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್ ಕೂಡ ಹಾಗೇ. ಕಾಲು ತಣ್ಣಗಿದ್ದರೆ ಉಣ್ಣೆಯ ಸಾಕ್ಸ್ ಹಾಕಿ ಕಂಬಳಿ ಹೊದೆಯಿರಿ.

ಉಂಬಳ, ಅಂದರೆ ಜಿಗಣೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಇರುತ್ತದೆ. ಹಾಗಾಗಿ ಬಿಟ್ಟ ಮೇಲೂ ರಕ್ತ ಸುರಿಯುತ್ತದೆ. ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ ಹೊತ್ತು. ಸುಣ್ಣ, ಹೊಗೆಸೊಪ್ಪು, ಬೆಂಕಿ ಕಡ್ಡಿ ಬೇಡ. ಸುಣ್ಣ ಚರ್ಮ ಸುಡುತ್ತದೆ. ಉಪ್ಪು ಹಾಕಿದರೆ ಉಂಬಳ ಹೊಟ್ಟೆಯಲ್ಲಿದ್ದಿದ್ದನ್ನು ಗಾಯಕ್ಕೇ ಕಕ್ಕಬಹುದು. ಉಗುರಿನ ಅಂಚಿನಿಂದ ಮೊದಲು ತೆಳು ತುದಿಯನ್ನು, ಆಮೇಲೆ ದಪ್ಪ ತುದಿಯನ್ನು ಪಕ್ಕಕ್ಕೆ ಜಾರಿಸಿ ಬಿಡಿಸಿ. ಸೋಪು ನೀರಿನಲ್ಲಿ ತೊಳೆದು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕಚ್ಚಿದ ಜಾಗ ವಾರಗಟ್ಟಲೆ ತುರಿಸುತ್ತದೆ. ಹುಣ್ಣಾಗುವುದು ಕಚ್ಚಿದ್ದರಿಂದ ಅಲ್ಲ, ಬಹಳ ಸಲ ಕೆರೆದುಕೊಂಡಿದ್ದರಿಂದ. ಗಾಯದ ಮೇಲೆ ಗಾಜ್ ಕಟ್ಟಿಡಿ.

ಕಾಲಲ್ಲಿ ಗಾಯ ಇದ್ದಾಗ ಗದ್ದೆ ಕೆಸರಿಗೆ ಇಳಿಯಬೇಡಿ. ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ಇಲಿ ಜ್ವರ ಒಡೆದ ಚರ್ಮದ ಮೂಲಕ ಸುಲಭವಾಗಿ ಒಳಗೆ ಬರುತ್ತದೆ. ಮಣ್ಣು, ಕೆಸರಿನಿಂದ ಬರುವ ಮೆಲಿಯಾಯ್ಡೋಸಿಸ್ ಎಂಬ ಸೋಂಕೂ ಶುಗರ್ ಇದ್ದವರನ್ನೇ ಜಾಸ್ತಿ ಹಿಡಿಯುತ್ತದೆ. ಗಾಯದ ಜೊತೆ ಜ್ವರ ಬಂದರೆ "ಗದ್ದೆಗೆ ಇಳಿದಿದ್ದೆ" ಎಂದು ವೈದ್ಯರಿಗೆ ಹೇಳಲು ಮರೆಯಬೇಡಿ.

ಬೇಸಿಗೆಯಲ್ಲಿ ಇಕ್ಕೇರಿಗೋ ಇನ್ನಾವುದೋ ದೇವಸ್ಥಾನಕ್ಕೋ ಹೋದರೆ ಬೆಳಗ್ಗೆ ಬೇಗ ಹೋಗಿ. ಕಾದ ಕಲ್ಲಿನ ಅಂಗಳದಲ್ಲಿ ಒಂದು ಸುತ್ತು ಬಂದರೆ ಅಂಗಾಲು ಸುಡುತ್ತದೆ.

ಹಂತ 6: ಗಾಯ ಆಗಿಬಿಟ್ಟರೆ ಮೊದಲ ಅರ್ಧ ಗಂಟೆ

ಕೂತುಕೊಳ್ಳಿ. ಕೈ ಸೋಪಿನಿಂದ ತೊಳೆಯಿರಿ. ಗಾಯದ ಮೇಲೆ ಸಲೈನ್ ಸುರಿಯಿರಿ. ಇಲ್ಲದಿದ್ದರೆ ಕುದಿಸಿ ಆರಿಸಿದ ನೀರು. ಸುತ್ತಲಿನ ಚರ್ಮ ಒರೆಸಿ, ಗಾಜ್ ಇಟ್ಟು, ಸಡಿಲವಾಗಿ ಬ್ಯಾಂಡೇಜ್ ಸುತ್ತಿ. ಟೇಪನ್ನು ಬೆರಳ ಸುತ್ತ ಬಿಗಿಯಾಗಿ ಸುತ್ತಬೇಡಿ, ರಕ್ತ ಹೋಗುವುದು ನಿಲ್ಲುತ್ತದೆ. ಗುಳ್ಳೆ ಇದ್ದರೆ ಒಡೆಯಬೇಡಿ. ಆಳಕ್ಕೆ ನೆಟ್ಟ ಮೊಳೆ, ಮುಳ್ಳು ಕೀಳಬೇಡಿ, ಹಾಗೇ ಆಸ್ಪತ್ರೆಗೆ ಹೋಗಿ. ಫೋನಿನಲ್ಲಿ ಗಾಯದ ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟರೆ ಅಳತೆ ಸಿಗುತ್ತದೆ. ಗಾಯ ದೊಡ್ಡದಾಯಿತೋ ಚಿಕ್ಕದಾಯಿತೋ ಎನ್ನುವ ಜಗಳವೇ ಇರುವುದಿಲ್ಲ.

ಅರಿಶಿನ, ಕಾಫಿ ಪುಡಿ, ಸುಣ್ಣ, ಸೀಮೆಎಣ್ಣೆ, ಅರೆದ ಸೊಪ್ಪು, ಟೂತ್‌ಪೇಸ್ಟ್, ಯಾವುದೂ ಬೇಡ. ಇವನ್ನೆಲ್ಲ ನಾನು ಗಾಯದಿಂದ ಕೆರೆದು ತೆಗೆದಿದ್ದೇನೆ. ಅರಿಶಿನ ಗಟ್ಟಿ ಹೊದಿಕೆಯಾಗಿ ಕೂರುತ್ತದೆ, ಕೆಳಗೆ ಕೀವು ತುಂಬುತ್ತದೆ, ಮೇಲಿಂದ ನೋಡಿದರೆ "ಒಣಗಿದೆ" ಅನ್ನಿಸುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ನೀರು ಬೆರೆಸದ ಡೆಟಾಲ್ ಕೂಡ ಬೇಡ. ನೊರೆ ಬಂದರೆ ಗಾಯ ಶುದ್ಧವಾಯಿತು ಎನ್ನುವ ನಂಬಿಕೆ ಇದೆ. ಹೊಸದಾಗಿ ಬೆಳೆಯುವ ಚರ್ಮವೂ ಅದರಲ್ಲಿ ಸಾಯುತ್ತದೆ.

ಹಂತ 7: ಎಷ್ಟು ಬೇಗ ತೋರಿಸಬೇಕು

ಅಂಗಾಲು, ಬೆರಳು, ಹಿಮ್ಮಡಿ, ಎಲ್ಲಿಯೇ ಚರ್ಮ ಒಡೆದಿದ್ದರೂ 24 ಗಂಟೆಯೊಳಗೆ ತೋರಿಸಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಆದರೂ ಸರಿ. ಧನುರ್ವಾಯು ಇಂಜೆಕ್ಷನ್ ಬೇಕಾ ಎಂದು ಅಲ್ಲೇ ಕೇಳಿ.

ಗಾಯದ ಸುತ್ತ ಎರಡು ಸೆಂಟಿಮೀಟರ್‌ಗಿಂತ ಅಗಲಕ್ಕೆ ಕೆಂಪು ಹರಡಿದ್ದರೆ, ಕೀವು, ದುರ್ವಾಸನೆ ಇದ್ದರೆ, ಗಾಯದ ತಳದಲ್ಲಿ ಮೂಳೆ ಕಂಡರೆ, ಬೆರಳು ಊದಿದ್ದರೆ, ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯಿರಿ. ಹೋಗುವಷ್ಟರಲ್ಲಿ ಗೆರೆ ದಾಟಿದ್ದರೆ ವೈದ್ಯರಿಗೆ ಅದೇ ದೊಡ್ಡ ಮಾಹಿತಿ.

ಚಳಿ ಜ್ವರ, ವಾಂತಿ, ಏದುಸಿರು, ಮಂಪರು, ಬೆರಳು ಕಪ್ಪಾಗುವುದು, ಗಾಯದ ಸುತ್ತ ಒತ್ತಿದರೆ ಚರಚರ ಅನ್ನುವುದು, ಕಾಲು ಇದ್ದಕ್ಕಿದ್ದ ಹಾಗೆ ತಣ್ಣಗಾಗಿ ಬಿಳುಚುವುದು, ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಹಳ್ಳಿಯಿಂದ ಮುಖ್ಯರಸ್ತೆಗೆ ಬರಲಿಕ್ಕೇ ಮಳೆಗಾಲದಲ್ಲಿ ಎಷ್ಟು ಹೊತ್ತು ಬೇಕೋ ನಿಮಗೆ ಗೊತ್ತು. ಮರ ಬಿದ್ದಿರಬಹುದು, ಘಾಟಿಯಲ್ಲಿ ಮಣ್ಣು ಕುಸಿದಿರಬಹುದು. ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ಹೊರಡಿ.

ಸೋಂಕು ತಗುಲಿದಾಗ ಸಕ್ಕರೆ ಏರುತ್ತದೆ. ಊಟ ಸೇರುತ್ತಿಲ್ಲ ಎಂದು ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ, ಎಷ್ಟು ತೆಗೆದುಕೊಳ್ಳಬೇಕೆಂದು ಫೋನ್ ಮಾಡಿಯಾದರೂ ಕೇಳಿ.

ಹಂತ 8: ಆಸ್ಪತ್ರೆಯಲ್ಲಿ ಏನಾಗುತ್ತದೆ, ಏನು ಕೇಳಬೇಕು

ಹಳೆಯ ಚೀಟಿಗಳು, ಮಾತ್ರೆಗಳ ಪಟ್ಟಿ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ವರದಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು, ಮತ್ತು ಆ ದಿನಗಳಲ್ಲಿ ಹಾಕುತ್ತಿದ್ದ ಚಪ್ಪಲಿ, ಇಷ್ಟನ್ನೂ ಒಯ್ಯಿರಿ. ಚಪ್ಪಲಿ ಯಾಕೆ ಅಂದರೆ ಗಾಯದ ಕಾರಣ ಎಷ್ಟೋ ಸಲ ಅದರಲ್ಲೇ ಇರುತ್ತದೆ.

ವೈದ್ಯರು ಸತ್ತ ಚರ್ಮ, ಮಾಂಸವನ್ನು ಕತ್ತರಿಸಿ ತೆಗೆಯುತ್ತಾರೆ. ಇದಕ್ಕೆ ಡಿಬ್ರೈಡ್‌ಮೆಂಟ್ ಅನ್ನುತ್ತಾರೆ. ತೆಗೆದ ಮೇಲೆ ಗಾಯ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. "ಸಣ್ಣ ಗಾಯವನ್ನು ದೊಡ್ಡದು ಮಾಡಿಬಿಟ್ಟರು" ಎಂದು ಅಲ್ಲಿಗೇ ಎದ್ದು ಹೋದವರನ್ನು ನೋಡಿದ್ದೇನೆ. ಅಷ್ಟು ಮೊದಲೇ ಇತ್ತು, ಮೇಲಿನ ಚರ್ಮ ಮುಚ್ಚಿಟ್ಟಿತ್ತು.

ಆಮೇಲೆ ಲೋಹದ ಕಡ್ಡಿಯಿಂದ ಆಳ ನೋಡುತ್ತಾರೆ. ಮೂಳೆ ತಾಗಿದರೆ ಮೂಳೆಗೂ ಸೋಂಕು ಇಳಿದಿರುವ ಸಾಧ್ಯತೆ ದೊಡ್ಡದು. ಎಕ್ಸ್-ರೇಯಲ್ಲಿ ಅದು ಕಾಣಲು ಎರಡು ಮೂರು ವಾರ ಬೇಕಾಗಬಹುದು. ಮೊದಲ ಎಕ್ಸ್-ರೇ ಚೆನ್ನಾಗಿದೆ ಎಂದು ನಿಶ್ಚಿಂತರಾಗಬೇಡಿ.

ಎಲ್ಲ ಗಾಯಕ್ಕೂ ಆಂಟಿಬಯೋಟಿಕ್ ಬೇಕಿಲ್ಲ. ಸೋಂಕು ಇಲ್ಲದ ಹುಣ್ಣಿಗೆ ಕೊಟ್ಟರೆ ಬೇಗ ಮಾಯುವುದೂ ಇಲ್ಲ. ಸೋಂಕು ಇದ್ದರೆ ಸಾಮಾನ್ಯವಾಗಿ ಒಂದರಿಂದ ಎರಡು ವಾರ, ಮೂಳೆಗೆ ಇಳಿದು ಅದನ್ನು ಕತ್ತರಿಸಿ ತೆಗೆಯದೆ ಗುಣಪಡಿಸುವುದಾದರೆ ಸುಮಾರು ಆರು ವಾರ. ಕೆಂಪು ಇಳಿಯಿತು ಎಂದು ಮೂರನೇ ದಿನ ಮಾತ್ರೆ ಬಿಡಬೇಡಿ. ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಿಯೂ ಬರಬೇಡಿ. ಗಾಯದ ಆಳದಿಂದ ಮಾದರಿ ತೆಗೆದು ಯಾವ ರೋಗಾಣು ಎಂದು ನೋಡುವ ಕಲ್ಚರ್ ಪರೀಕ್ಷೆ ಆಗ ದಾರಿ ತಪ್ಪುತ್ತದೆ.

ಎರಡು ಪ್ರಶ್ನೆ ಕೇಳದೆ ಎದ್ದು ಬರಬೇಡಿ. ಮೊದಲನೆಯದು, "ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿದೆಯಾ?" ಕೈಯ ರಕ್ತದೊತ್ತಡಕ್ಕೆ ಕಾಲಿನದನ್ನು ಹೋಲಿಸುವ ಪರೀಕ್ಷೆ ಇದೆ. ಅನುಪಾತ 0.9ಕ್ಕಿಂತ ಕಡಿಮೆ ಇದ್ದರೆ ರಕ್ತನಾಳ ಕಿರಿದಾಗಿದೆ ಎಂದರ್ಥ. ಶುಗರ್ ಇದ್ದವರಲ್ಲಿ ನಾಳ ಗಡುಸಾಗಿ ಅಂಕಿ ತಪ್ಪು ತೋರಿಸುವುದೂ ಉಂಟು, ಆಗ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಬೇಕಾಗುತ್ತದೆ. ಅಡ್ಡಿ ಇದ್ದರೆ ಬಲೂನ್ ಹಾಕಿ ತೆರೆಯಲು ಮಣಿಪಾಲಕ್ಕೋ ಬೆಂಗಳೂರಿಗೋ ಬರೆದುಕೊಡಬಹುದು. ಬೆರಳು ತೆಗೆಯುವ ಮಾತು ಬಂದಾಗ, ತುರ್ತಿಲ್ಲದಿದ್ದರೆ, ರಕ್ತದ ಹರಿವು ನೋಡಿದ್ದಾರಾ ಎಂದು ಕೇಳುವುದು ನಿಮ್ಮ ಹಕ್ಕು.

ಎರಡನೆಯದು, "ಈ ಗಾಯದ ಮೇಲೆ ಭಾರ ಬೀಳದ ಹಾಗೆ ಏನು ಮಾಡಬೇಕು?"

ಹಂತ 9: ಭಾರ ತೆಗೆಯುವುದು

ಗಾಯಕ್ಕೆ ಹಚ್ಚಿದ ಔಷಧದ ಬಗ್ಗೆ ಎಲ್ಲರೂ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ. ಅಂಗಾಲಿನ ಹುಣ್ಣಿನ ಮೇಲೆ ಪ್ರತಿ ಹೆಜ್ಜೆಗೂ ಮೈಭಾರ ಬೀಳುತ್ತದೆ. ಎಷ್ಟು ಒಳ್ಳೆಯ ಡ್ರೆಸ್ಸಿಂಗ್ ಮಾಡಿದರೂ ಬಚ್ಚಲಿಗೆ, ಕೊಟ್ಟಿಗೆಗೆ, ಅಂಗಳಕ್ಕೆ ಓಡಾಡಿದರೆ ಅದು ಮಾಯುವುದಿಲ್ಲ.

ಮುಂಗಾಲಿನ ಅಡಿಯ ಹುಣ್ಣಿಗೆ, ರಕ್ತದ ಹರಿವು ಸರಿ ಇದ್ದು ಜೋರು ಸೋಂಕು ಇಲ್ಲದಿದ್ದರೆ, ಮೊದಲ ಆಯ್ಕೆ ಮೊಣಕಾಲಿನ ಕೆಳಗಿನವರೆಗೆ ಹಾಕುವ, ರೋಗಿ ತಾನೇ ಬಿಚ್ಚಲಾಗದ ಪ್ಲಾಸ್ಟರ್ ಪಟ್ಟಿ. ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಅನ್ನುತ್ತಾರೆ. ಬಿಚ್ಚಲು ಬರುವ ಬೂಟು ಕೊಟ್ಟರೆ ಜನ ಮನೆಯೊಳಗೆ ಬಿಚ್ಚಿಟ್ಟು ಓಡಾಡುತ್ತಾರೆ, ಅದಕ್ಕೇ ಈ ಏರ್ಪಾಡು. ಅದು ಸಿಗದಿದ್ದರೆ ಬೂಟು, ಗಾಯದ ಸುತ್ತ ಅಂಟಿಸುವ ಫೆಲ್ಟ್ ಎಂಬ ದಪ್ಪ ಮೆತ್ತೆ, ವಾಕರ್, ವೈದ್ಯರು ಯಾವುದು ಹೇಳುತ್ತಾರೋ ಅದು. ಒಂಟಿ ಕಾಲಲ್ಲಿ ಕುಪ್ಪಳಿಸಬೇಡಿ, ಇನ್ನೊಂದು ಪಾದಕ್ಕೆ ಅಪಾಯ.

ಮನೆಯಲ್ಲಿ ಹಾಸಿಗೆಯನ್ನು ಬಚ್ಚಲ ಹತ್ತಿರದ ಕೋಣೆಗೆ ತನ್ನಿ. ರಾತ್ರಿಗೆ ಕಮೋಡ್ ಕುರ್ಚಿ ಇಡಿ. ಅಡಿಕೆ ಕೊಯ್ಲಿನ ಸಮಯದಲ್ಲಿ ಗಾಯ ಆದರೆ ಯಜಮಾನರು ಸುಮ್ನೆ ಕೂರುವುದಿಲ್ಲ. ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವ ಕೆಲಸ ಕೊಡಿ. ಹಿಮ್ಮಡಿ ಗಾಯ ಇದ್ದರೆ ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿರುವ ಹಾಗೆ ಮಲಗಿಸಿ.

ಗಾಯ ತುಂಬಲು ಪ್ರೋಟೀನ್ ಬೇಕು. ಕಾಳು, ಮಜ್ಜಿಗೆ, ಮೊಟ್ಟೆ, ಮೀನು ನಿಮ್ಮ ಪದ್ಧತಿಗೆ ತಕ್ಕಂತೆ ಕೊಡಿ. "ನಂಜು" ಎಂದು ಇವನ್ನೆಲ್ಲ ಬಿಡಿಸಿ ಗಂಜಿ ಮಾತ್ರ ಹಾಕುವುದು ಗಾಯಕ್ಕೂ ಸಕ್ಕರೆಗೂ ಒಳ್ಳೆಯದಲ್ಲ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ವೈದ್ಯರನ್ನು ಕೇಳಿ. ಬೀಡಿ, ಸಿಗರೇಟು ಬಿಡಲೇಬೇಕು. ಕವಳದ (ಎಲೆ ಅಡಿಕೆಯ) ಜೊತೆಗಿನ ಹೊಗೆಸೊಪ್ಪೂ ಬೇಡ, ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುತ್ತದೆ.

ವಾರಕ್ಕೊಮ್ಮೆ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ನಾಲ್ಕು ವಾರದಲ್ಲಿ ಗಾಯದ ವಿಸ್ತಾರ ಅರ್ಧಕ್ಕೆ ಇಳಿಯದಿದ್ದರೆ ಅದೇ ಡ್ರೆಸ್ಸಿಂಗ್ ಮುಂದುವರಿಸುತ್ತಾ ಕೂರಬೇಡಿ. ರಕ್ತದ ಹರಿವು, ಮೂಳೆ, ಭಾರ, ಮೂರನ್ನೂ ಮತ್ತೆ ನೋಡಿಸಬೇಕು.

ಹಂತ 10: ಮಾಯ್ದ ಮೇಲೆ

ಮಾಯ್ದ ಹುಣ್ಣು ಮತ್ತೆ ಬರುವುದು ಬಹಳ ಸಾಮಾನ್ಯ. ನೂರರಲ್ಲಿ ಸುಮಾರು 40 ಮಂದಿಗೆ ಒಂದೇ ವರ್ಷದೊಳಗೆ, ಐದು ವರ್ಷದಲ್ಲಿ ಸುಮಾರು 65 ಮಂದಿಗೆ. ಹೊಸ ಚರ್ಮ ಎಳೆಯದು. ಮೊದಲ ದಿನವೇ ತೋಟ ಸುತ್ತಬೇಡಿ. ಪಾದದ ಅಳತೆಗೆ ಮಾಡಿಸಿದ ಚಪ್ಪಲಿ ಕೈಗೆ ಬಂದ ಮೇಲೆ ಜಗುಲಿಯಿಂದ ಗೇಟಿನವರೆಗೆ ಹೋಗಿ ಬನ್ನಿ. ಕೂತು ಚಪ್ಪಲಿ ಬಿಚ್ಚಿ, ಹಳೆಯ ಗಾಯದ ಜಾಗ ಕೆಂಪಾಗಿದೆಯಾ, ಬಿಸಿಯಾಗಿದೆಯಾ ನೋಡಿ. ಅರ್ಧ ಗಂಟೆಯಾದರೂ ಕೆಂಪು ಹೋಗದಿದ್ದರೆ ಚಪ್ಪಲಿಯನ್ನು ಮಾಡಿಕೊಟ್ಟವರಲ್ಲಿಗೇ ಒಯ್ದು ಸರಿ ಮಾಡಿಸಿ. ಮರುದಿನ ಇನ್ನು ಹತ್ತು ಹೆಜ್ಜೆ ಜಾಸ್ತಿ.